ಬೋಡಿಕೊಂಡದ ಒಂಟೆಲೆ

ಬಂಡಪಲ್ಲಿ, ಚಿಂತಾಮಣಿ ತಾಲ್ಲೂಕು
24 ಜೂನ್ 2024

ಅಮ್ಮ ಅಂಬರೀನ್,

ಚಿಂತಾಮಣಿ ಕಾಲೇಜಿನ ಬಾಟನಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ ವೆಂಕಟರವಣಪ್ಪ ಬರೆಯುತ್ತಿದ್ದೇನೆ. ನೀನು ಗೌರಿಬಿದನೂರಿನಲ್ಲಿ ಪಾಠ ಹೇಳುತ್ತಿರುವುದು, ಜರಿಗಿಡಗಳ ಮೇಲೆ ಡಾಕ್ಟರೇಟ್ ಮಾಡಿದ್ದು ಎಲ್ಲ ಗೊತ್ತು. ನೀನು ಕಳಿಸಿದ ಪುಸ್ತಕ ಮನೆಯಲ್ಲಿದೆ. ಇಂಗ್ಲಿಷ್ ಬರುವುದಿಲ್ಲವಾದ್ದರಿಂದ ಚಿತ್ರಗಳನ್ನಷ್ಟೇ ನೋಡಿದ್ದೇನೆ. ಫೋನ್ ಮಾಡಬಹುದಿತ್ತು, ಆದರೆ ಎರಡು ವರ್ಷದಿಂದ ಕಿವಿ ಪೂರ್ತಿ ಹೋಗಿದೆ. ಮನೆಯಲ್ಲಿ ಏನಾದರೂ ಹೇಳಬೇಕಾದರೆ ಮೊಮ್ಮಗಳು ಮೌನಿಕಾ ಬರೆದು ತೋರಿಸುತ್ತಾಳೆ. ಹಾಗಾಗಿ ಕಾಗದ.

ವಿಷಯ ಬೋಡಿಕೊಂಡದ್ದು. ನೀನು ಬಿ.ಎಸ್ಸಿ. ಓದುವಾಗ ಗಿಡ ಹುಡುಕಲು ನಾನು ನಿನ್ನನ್ನು ಮೊದಲ ಸಲ ಕರೆದುಕೊಂಡು ಹೋದ ನಮ್ಮೂರ ಗುಡ್ಡ. ಶಿವರಾತ್ರಿ ಕಳೆದ ಮೇಲೆ ಅಲ್ಲಿ ಕಲ್ಲಿನ ಕ್ವಾರಿ ಶುರುವಾಗಿದೆ. ಬಡಗಲ ಮಗ್ಗುಲಿಗೆ ಮದ್ದಿಟ್ಟು ಸಿಡಿಸುತ್ತಾರೆ. ಕೂತ ಜಗಲಿ ಅದುರಿದಾಗ ನನಗೆ ಗೊತ್ತಾಗುತ್ತದೆ. ಮೇ ತಿಂಗಳಲ್ಲಿ ಮೇಲಿನ ದೊಣೆ ಬಿರುಕು ಬಿಟ್ಟಿತು. ಎಂಥ ಬೇಸಿಗೆಯಲ್ಲೂ ಬತ್ತದ ನೀರು ಒಂದೇ ಮಧ್ಯಾಹ್ನದಲ್ಲಿ ಬಂಡೆಯೊಳಗೆ ಇಳಿದುಹೋಯಿತು. ಕುರಿಯವರು ಈಗ ನೀರು ಕುಡಿಸಲು ಎರಡು ಮೈಲಿ ಹೊಡೆದುಕೊಂಡು ಹೋಗುತ್ತಾರೆ.

ಊರಿನವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟೆವು. ಉತ್ತರ ಬಂದಿದೆ. ಪಂಚಾಯಿತಿಯ ರಮೇಶ್‌ಬಾಬು ಹೇಳಿದ್ದನ್ನು ಮೌನಿಕಾ ಬರೆದು ತೋರಿಸಿದಳು: "ತಾತ, ಗುಡ್ಡದ ಮ್ಯಾಲೆ ಉಳಿಸ್ಬೇಕಾದಂಥ ಗಿಡ ಏನೂ ಇಲ್ಲ ಅಂತ ಸಸ್ಯತಜ್ಞರು ರಿಪೋರ್ಟ್ ಕೊಟ್ಟವ್ರಂತೆ. ಅದರ ಮೇಲೇನೆ ಲೀಸು ಸಿಕ್ಕಿರೋದು."

ತಜ್ಞರು ಯಾರೋ. ಆ ಗುಡ್ಡವನ್ನು ನಿನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ದೊಣೆಯ ಪಕ್ಕದ ತಗ್ಗಿನಲ್ಲಿ, ಮಳೆ ಬಿದ್ದ ಮೇಲೆ ಆರು ವಾರ ಮಾತ್ರ ತಲೆ ಎತ್ತುವ, ಹೆಬ್ಬೆರಳ ಉಗುರಿನಷ್ಟು ಒಂದೇ ಎಲೆ ಬಿಡುವ ಆ ಸಣ್ಣ ಜರಿಗಿಡ. ಇಂಥದ್ದು ಇನ್ನೆಲ್ಲೂ ಕಂಡಿಲ್ಲ ಎಂದು ನೀನೇ ಹೇಳಿದ್ದೆ. ನಾವಿಬ್ಬರೂ ಅದನ್ನು ಒಂಟೆಲೆ ಎಂದು ಕರೆಯುತ್ತಿದ್ದೆವು. ಅದು ಅಲ್ಲಿ ಇದೆಯೋ ಇಲ್ಲವೋ, ಒಂದು ಸಾಲು ಬರೆದುಕೊಡು. ನಿನ್ನ ಮಾತಿಗೆ ಬೆಲೆ ಇದೆ.

ಇಂತಿ,
ವೆಂಕಟರವಣಪ್ಪ


ಗೌರಿಬಿದನೂರು
9 ಜುಲೈ 2024

ರವಣಣ್ಣ,

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಪರೀಕ್ಷೆ, ಪೇಪರ್ ತಿದ್ದುವುದು, ಅದರ ಮಧ್ಯೆ ನನ್ನ ಮಂಡಿನೋವು. ಮೆಟ್ಟಿಲು ಹತ್ತುವುದೇ ಕಷ್ಟವಾಗಿದೆ.

ನಿಮ್ಮ ಕಿವಿಯ ವಿಷಯ ಓದಿ ಸಂಕಟವಾಯಿತು. ಚಿಕ್ಕಬಳ್ಳಾಪುರದಲ್ಲಿ ಒಳ್ಳೆಯ ಡಾಕ್ಟರಿದ್ದಾರೆ, ಬೇಕಿದ್ದರೆ ವಿಳಾಸ ಕಳಿಸುತ್ತೇನೆ. ಇಲ್ಲಿ ಕಾಲೇಜಿನ ಹಿಂದೆ ಒಂದು ಹಳೆಯ ಬಾವಿ ಇದೆ. ಅದರ ಕಲ್ಲುಸಂದಿಯಲ್ಲಿ ಈ ಸಲ ಕರಿಕಡ್ಡಿಯ ಜರಿಗಿಡ ದಟ್ಟವಾಗಿ ಬಂದಿದೆ. ಎಲೆಯ ಬೆನ್ನ ಮೇಲಿನ ಕಂದು ಪುಡಿ ತೋರಿಸಿ, ಇದೇ ಇದರ ಬೀಜ ಎಂದರೆ ಹುಡುಗರು ನಂಬುವುದಿಲ್ಲ. ಹೂವೇ ಬಿಡದ ಗಿಡಕ್ಕೆ ಬೀಜ ಎಲ್ಲಿಂದ ಎನ್ನುತ್ತಾರೆ.

ಬೋಡಿಕೊಂಡದ ವಿಷಯ. ಇದು ಸರ್ಕಾರದ ಹಂತದಲ್ಲಿ ತೀರ್ಮಾನವಾಗಿರುವುದು. ನಾನೊಬ್ಬಳು ಬರೆದರೆ ಆಗುವಂಥದ್ದಲ್ಲ. ದೊಣೆಯ ನೀರಿನ ಬಗ್ಗೆ ಬೇರೆ ಅರ್ಜಿ ಹಾಕಿದರೆ ಹೆಚ್ಚು ಪ್ರಯೋಜನವಾಗಬಹುದು. ಗಿಡಗಳ ವಿಷಯವನ್ನು ಅಷ್ಟಾಗಿ ಒತ್ತಿ ಹೇಳದಿರುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಮನೆಯಲ್ಲಿ ಮುನಿಶಾಮಕ್ಕನಿಗೆ ನನ್ನ ಸಲಾಂ ತಿಳಿಸಿ.

ನಿಮ್ಮ,
ಅಂಬರೀನ್


ಬಂಡಪಲ್ಲಿ
21 ಜುಲೈ 2024

ಅಮ್ಮ ಅಂಬರೀನ್,

ಇವತ್ತು ಭಾನುವಾರ, ಮದ್ದು ಇಡುವುದಿಲ್ಲ. ಬೆಳಿಗ್ಗೆ ನಾನೂ ನನ್ನ ಹೆಂಡತಿಯೂ ಬೋಡಿಕೊಂಡ ಹತ್ತಿದೆವು. ಕಾವಲಿನವನು ನಮ್ಮೂರ ನಲ್ಲಪ್ಪನ ಅಳಿಯ, ತಡೆಯಲಿಲ್ಲ. ಬಡಗಲ ಕಡೆ ಬಿಳಿ ಗೋಡೆಯಂತೆ ಸೀಳಿದ್ದಾರೆ. ಕೆಳಗೆ ನೋಡಿದರೆ ತಲೆ ತಿರುಗುತ್ತದೆ.

ದೊಣೆಯಲ್ಲಿ ಕಲ್ಲುಪುಡಿಯ ಕೆಸರು. ಪಕ್ಕದ ತಗ್ಗಿನಲ್ಲಿ ಒಂಟೆಲೆ ಬಂದಿದೆ. ಎಲೆಗಳ ಮೇಲೆ ಬೂದಿ ಬಳಿದ ಹಾಗೆ ಧೂಳು ಕೂತಿತ್ತು. ಮುನಿಶಾಮಮ್ಮ ಸೆರಗು ಒದ್ದೆ ಮಾಡಿ ಒಂದೊಂದೇ ಒರೆಸಿದಳು, ನಾನು ಎಣಿಸಿದೆ. ನಲವತ್ತೊಂದು.

ಒಂದನ್ನು ಬೇರುಸಮೇತ ಎತ್ತಿ, ನೀನು ಕಲಿಸಿಕೊಟ್ಟಂತೆ ಪೇಪರಿನ ಮಧ್ಯೆ ಒತ್ತಿ ಇದರೊಂದಿಗೆ ಇಟ್ಟಿದ್ದೇನೆ. ಗಿಡದ ವಿಷಯ ಒತ್ತಿ ಹೇಳಬೇಡಿ ಎಂದು ಬರೆದಿದ್ದೀಯ. ಯಾಕೆ ಎಂದು ಯೋಚಿಸುತ್ತಿದ್ದೇನೆ.

ಇಂತಿ,
ವೆಂಕಟರವಣಪ್ಪ


ಗೌರಿಬಿದನೂರು
2 ಆಗಸ್ಟ್ 2024

ರವಣಣ್ಣ,

ಗಿಡ ಬಂತು. ಐದು ದಿನದಿಂದ ಮೇಜಿನ ಮೇಲಿದೆ. ಹರ್ಬೇರಿಯಂ ಹಾಳೆಗೆ ಅಂಟಿಸಲು ಎರಡು ಸಲ ಕೂತೆ. ಸಂಗ್ರಹಿಸಿದವರು, ಸ್ಥಳ, ತಾರೀಕು ಎಂದು ಲೇಬಲ್ ಬರೆಯಬೇಕಲ್ಲ, ಕೈ ಬರಲಿಲ್ಲ.

ಆ ವರದಿ ನನ್ನದು.

ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ಒಂದು ಸಮೀಕ್ಷೆಯ ಕಂಪನಿಯವರು ಫೋನ್ ಮಾಡಿ ನನ್ನನ್ನು ತಜ್ಞರ ಪಟ್ಟಿಯಲ್ಲಿ ಸೇರಿಸಿಕೊಳ್ಳುತ್ತೇವೆ ಎಂದರು. ಸುಳ್ಳು ಹೇಳುವುದಿಲ್ಲ, ನನಗೆ ಬಹಳ ಸಂತೋಷವಾಯಿತು. ಹುಲಿ ಚಿರತೆಯವರನ್ನು ಕರೆಯುತ್ತಾರೆ, ಹಕ್ಕಿಯವರನ್ನು ಕರೆಯುತ್ತಾರೆ. ಜರಿಗಿಡದವಳನ್ನು ಯಾರು ಕರೆಯುತ್ತಾರೆ? ಅದೂ ಈ ಒಣ ಸೀಮೆಯ ಜರಿಗಿಡದವಳನ್ನು. ಶಿಡ್ಲಘಟ್ಟದಲ್ಲಿ ನಮ್ಮ ಅಬ್ಬಾ ಕೊನೆಯವರೆಗೂ ಕೇಳುತ್ತಿದ್ದರು, ರೇಷ್ಮೆ ನೂಲು ತೆಗೆಯುವವರ ಮನೆಯ ಮಗಳು ಹೀಗೆ ಹುಲ್ಲು ಹುಡುಕಿಕೊಂಡು ಬಂಡೆ ಹತ್ತಿ ಯಾರಿಗೆ ಏನು ಉಪಯೋಗ ಎಂದು. ಕಡೆಗೆ ಯಾರೋ ನನ್ನನ್ನು ಕೇಳಿಕೊಂಡು ಬಂದರು ಎಂದು ಬೀಗಿದೆ.

ಕಳೆದ ವರ್ಷ ಏಪ್ರಿಲ್ ಹನ್ನೊಂದರಂದು ಬೋಡಿಕೊಂಡಕ್ಕೆ ಕರೆದುಕೊಂಡು ಹೋದರು. ಯಾವ ಗುಡ್ಡ ಎಂದು ಅಲ್ಲಿಗೆ ಹೋಗುವವರೆಗೂ ಹೇಳಿರಲಿಲ್ಲ. ಕೈವಾರ ದಾಟಿ ನಿಮ್ಮೂರಿನ ದಾರಿಗೆ ತಿರುಗಿದಾಗಲೇ ಗೊತ್ತಾಯಿತು. ಆಗಲೂ ವಾಪಸು ಹೋಗಬಹುದಿತ್ತು. ಮುನಿಶಾಮಕ್ಕ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ನಾನು ಕಾರಿನ ಗಾಜು ಏರಿಸಿದೆ.

ದೊಣೆಯವರೆಗೂ ಹತ್ತಿದೆ. ಬಿಸಿಲಿಗೆ ಮಯೂರಶಿಖೆಯ ಜರಿಗಿಡಗಳೆಲ್ಲ ಬಂಡೆಬಿರುಕಿನಲ್ಲಿ ಸತ್ತಂತೆ ಮುದುಡಿಕೊಂಡಿದ್ದವು. ತಗ್ಗಿನ ಮಣ್ಣು ಒಣಗಿ ಗಟ್ಟಿಯಾಗಿತ್ತು. ಒಂಟೆಲೆ ಅಲ್ಲೇ ಇತ್ತು, ನನ್ನ ಕಾಲಿನ ಕೆಳಗೆ, ಬೆರಳಿನಷ್ಟು ಆಳದಲ್ಲಿ ಬೇರುಗೆಡ್ಡೆಯಾಗಿ ಮಲಗಿತ್ತು. ನನಗೆ ಗೊತ್ತಿತ್ತು. ಚೀಲದಲ್ಲಿ ಚಾಕು ಇತ್ತು, ಸ್ವಲ್ಪ ಕೆದಕಿದ್ದರೆ ಸಾಕಿತ್ತು. ಚೀಲದ ಬಾಯಿ ಬಿಚ್ಚಲಿಲ್ಲ.

ಕೆಳಗಿಳಿದ ಮೇಲೆ ಕಂಪನಿಯ ಮ್ಯಾನೇಜರ್‌ಗೆ, "ಮಳೆಗಾಲದಲ್ಲಿ ಇನ್ನೊಂದ್ಸಲ ನೋಡ್ಬೇಕಾಗುತ್ತೆ," ಎಂದೆ.

"ಫೈಲು ಈ ತಿಂಗಳೇ ಹೋಗ್ಬೇಕು ಮೇಡಂ," ಎಂದ ಅವನು. "ನೀವು ಕಂಡಿದ್ದನ್ನ ಬರೀರಿ. ಕಾಣದೇ ಇದ್ದಿದ್ದನ್ನ ಕಾಣಲಿಲ್ಲ ಅಂತ ಬರೀರಿ. ಸುಳ್ಳು ಬರೀರಿ ಅಂತ ನಾನೇನಾದ್ರೂ ಹೇಳಿದ್ನಾ?"

ಹಾಗೇ ಬರೆದೆ. 'ಸಮೀಕ್ಷೆಯ ವೇಳೆ ಗಮನಾರ್ಹ ಜರಿಗಿಡಗಳು ಕಂಡುಬರಲಿಲ್ಲ.' ಒಂದೊಂದು ಪದವನ್ನೂ ಹಿಡಿದು ನೋಡಿ, ಎಲ್ಲ ನಿಜ. ಅದು ರಂಜಾನ್ ತಿಂಗಳು. ನಾನು ರೋಜಾ ಇದ್ದೆ. ಗುಟುಕು ನೀರು ಕುಡಿದರೆ ತಪ್ಪು ಎಂದು ಬಿಸಿಲಲ್ಲಿ ತುಟಿ ಒಣಗಿಸಿಕೊಂಡು ನಿಂತವಳು, ಇದಕ್ಕೆ ಸಹಿ ಹಾಕಿದೆ.

ಹೋದ ತಿಂಗಳು ನಿಮಗೆ ಬರೆದ ಕಾಗದದಲ್ಲಿ ಬಾವಿಯ ಗಿಡದ ಬಗ್ಗೆ ಎಷ್ಟು ಬರೆದೆ ನೋಡಿ. ಕ್ಷಮಿಸಿ ಎಂದು ಕೇಳಲು ಬಾಯಿ ಬರುವುದಿಲ್ಲ.

ಅಂಬರೀನ್


ಬಂಡಪಲ್ಲಿ
19 ಸೆಪ್ಟೆಂಬರ್ 2024

ಡಾ. ಅಂಬರೀನ್ ಅವರಿಗೆ,

ತಮ್ಮ ಕಾಗದ ತಲುಪಿತು. ಉತ್ತರ ಬರೆಯಲು ಮನಸ್ಸಾಗದೆ ಇಷ್ಟು ದಿನ ಹೋಯಿತು.

ವರದಿ ತಮ್ಮದು ಎನ್ನುವುದು ನನಗೆ ಜೂನ್ ತಿಂಗಳಲ್ಲೇ ಗೊತ್ತಿತ್ತು. ರಮೇಶ್‌ಬಾಬು ತಂದ ಪ್ರತಿಯ ಕೊನೆಯ ಹಾಳೆಯಲ್ಲಿ ಹೆಸರಿತ್ತು. ಮೌನಿಕಾ ಓದಿ, ಬರೆದು ತೋರಿಸಿದಳು. ಅದೇ ಹೆಸರಿನವರು ಬೇರೆ ಯಾರೋ ಇರಬಹುದು ಎಂದು ಎರಡು ದಿನ ಅಂದುಕೊಂಡೆ. ಆಮೇಲೆ 'ತಜ್ಞರು ಯಾರೋ' ಎಂದು ತಮಗೆ ಬರೆದೆ. ತಾವೇ ಹೇಳಲಿ ಎಂದಿತ್ತು. ತಾವು ಮಂಡಿನೋವಿನ ವಿಷಯ ಬರೆದಿರಿ. ಆವತ್ತು ನನಗೆ ಅನ್ನ ಸೇರಲಿಲ್ಲ.

ಊರಿನಲ್ಲಿ ಯಾರಿಗೂ ಹೇಳಿಲ್ಲ. ಮೌನಿಕಾಳಿಗೂ ಹೇಳಬೇಡವೆಂದಿದ್ದೇನೆ. ಮುನಿಶಾಮಮ್ಮನಿಗೆ ಮಾತ್ರ ಈ ಕಾಗದ ಬಂದ ಮೇಲೆ ಹೇಳಿದೆ. "ಆ ಪಿಲ್ಲೇನಾ?" ಅಂದಳಂತೆ. ಆ ಹುಡುಗಿಯಾ, ಅಂತ. ಮನೆಯಲ್ಲಿ ಅವಳು ತೆಲುಗೇ ಆಡುವುದು. ತಾವು ಓದುವ ಕಾಲದಲ್ಲಿ ಗುಡ್ಡ ಇಳಿದು ಬಂದಾಗ ಇವಳ ಕೈಯಲ್ಲಿ ಮುದ್ದೆ ತಿಂದಿದ್ದೀರಿ.

ಈ ತಿಂಗಳ ಐದರಂದು ತಗ್ಗಿನ ಅರ್ಧ ಭಾಗ ಬಡಗಲಿಗೆ ಕುಸಿಯಿತು. ಮಣ್ಣು, ಗಿಡ ಎಲ್ಲ ಐವತ್ತು ಅಡಿ ಕೆಳಗೆ ಹೋಯಿತು. ಎಲೆಗಳ ಕಾಲ ಮುಗಿದಿದ್ದರಿಂದ ಎಷ್ಟು ಹೋದವು, ಎಷ್ಟು ಉಳಿದವು ಎಂದು ಎಣಿಸಲಾಗಲಿಲ್ಲ.

ನನ್ನ ಹತ್ತಿರ ಒಪ್ಪಿಕೊಂಡರೆ ಏನು ಬಂತು? ನಾನು ಲ್ಯಾಬಿನಲ್ಲಿ ಗಾಜು ತೊಳೆದವನು. ವರದಿಯನ್ನು ಯಾರಿಗೆ ಕೊಟ್ಟಿರೋ ಅವರಿಗೆ ಬರೆಯಿರಿ.

ವೆಂಕಟರವಣಪ್ಪ


ಗೌರಿಬಿದನೂರು
11 ನವೆಂಬರ್ 2024

ರವಣಣ್ಣ,

ಬರೆದೆ. ಗಣಿ ಇಲಾಖೆಗೆ, ಜಿಲ್ಲಾಧಿಕಾರಿಗಳಿಗೆ, ಲೀಸಿಗೆ ಒಪ್ಪಿಗೆ ಕೊಟ್ಟ ಸಮಿತಿಗೆ. ವರದಿಯನ್ನು ಹಿಂತೆಗೆದುಕೊಳ್ಳುತ್ತೇನೆ, ತಪ್ಪು ಕಾಲದಲ್ಲಿ ಸಮೀಕ್ಷೆ ಮಾಡಿದೆ, ತಿಳಿದೇ ಮಾಡಿದೆ ಎಂದು. ನೀವು ಕಳಿಸಿದ ಗಿಡದ ಫೋಟೋ ಜೊತೆಗಿಟ್ಟೆ.

ಸಮೀಕ್ಷೆಯ ಕಂಪನಿಯ ಮ್ಯಾನೇಜರ್ ಕಾಲೇಜಿಗೇ ಬಂದ. "ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಿ ಮೇಡಂ," ಎಂದು ಹೇಳಿ ಹೋದ. ಪ್ರಿನ್ಸಿಪಾಲರು ಕರೆದು ವಿವರಣೆ ಕೇಳಿದರು, ಕೊಟ್ಟೆ. ಸ್ಟಾಫ್ ರೂಮಿಗೆ ನಾನು ಹೋದಾಗ ಮಾತು ನಿಲ್ಲುತ್ತದೆ. ಇದರಲ್ಲಿ ಯಾವುದೂ ದೊಡ್ಡ ಶಿಕ್ಷೆಯಲ್ಲ. ನಿಮಗೆ ತಿಳಿಯಲಿ ಎಂದು ಬರೆದೆ, ಅಷ್ಟೆ.

ಜನವರಿ ಹದಿನೇಳಕ್ಕೆ ಚಿಕ್ಕಬಳ್ಳಾಪುರದ ಜಿಲ್ಲಾ ಕಚೇರಿಯಲ್ಲಿ ವಿಚಾರಣೆ. ನಿಮ್ಮೂರಿನವರಿಗೂ ನೋಟಿಸು ಬರುತ್ತದೆ. ನಾನು ಬರುತ್ತೇನೆ. ನನ್ನ ಹೆಸರನ್ನು ಅದಕ್ಕೆ ಮೊದಲೇ ಊರಿಗೆ ಹೇಳಿಬಿಡಿ.

ಅಂಬರೀನ್


ಬಂಡಪಲ್ಲಿ
20 ಜನವರಿ 2025

ಅಮ್ಮ ಅಂಬರೀನ್,

ವಿಚಾರಣೆಯಲ್ಲಿ ನಾನು ಹಿಂದಿನ ಸಾಲಿನಲ್ಲಿದ್ದೆ. ನೀನು ನೋಡಿದೆ, ಗೊತ್ತು. ಮೌನಿಕಾ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ನಡೆದದ್ದನ್ನೆಲ್ಲ ಬರೆಯುತ್ತಿದ್ದಳು. ಆ ಹಾಳೆ ನನ್ನ ಹತ್ತಿರ ಇದೆ.

'ನೀವು ಗುಡ್ಡಕ್ಕೆ ಹೋಗಿದ್ದು ಯಾವ ತಿಂಗಳು? ಏಪ್ರಿಲ್. ಏಪ್ರಿಲ್‌ನಲ್ಲಿ ಆ ಗಿಡ ಕಾಣುತ್ತಾ? ಇಲ್ಲ ಸರ್, ಮಣ್ಣಿನ ಒಳಗಿರುತ್ತೆ. ಅದು ನಿಮಗೆ ಆವತ್ತೇ ಗೊತ್ತಿತ್ತಾ?'

ಇಲ್ಲಿ ಮೌನಿಕಾ ಪೆನ್ನು ನಿಲ್ಲಿಸಿದಳು. ನಾನು ತಲೆ ಎತ್ತಿದೆ. ನೀನು ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದೆ. ತುಟಿ ಅಲ್ಲಾಡಿದ್ದು ನನ್ನ ಸಾಲಿನಿಂದಲೇ ಕಾಣಿಸಿತು. ಆಮೇಲೆ ಇವಳು ಬರೆದಳು, 'ಗೊತ್ತಿತ್ತು.'

ನಮ್ಮೂರಿನವರು ನಿನ್ನನ್ನು ಬೈಯಬೇಕೆಂದೇ ಬಂದಿದ್ದರು. ಮಿನಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತಂತೆ. ಆ ಒಂದು ಉತ್ತರ ಕೇಳಿದ ಮೇಲೆ ನಿನಗೆ ಕೈಮುಗಿದರು. ಮದ್ದಿಡುವುದನ್ನು ನಿಲ್ಲಿಸಬೇಕು, ಜುಲೈನಲ್ಲಿ ಬೇರೆ ತಜ್ಞರಿಂದ ಮತ್ತೆ ಸಮೀಕ್ಷೆ ಆಗಬೇಕು ಎಂದು ಆದೇಶವಾಗಿದೆ. ಬಡಗಲು ಹೋಯಿತು, ದೊಣೆ ಇನ್ನು ನೀರು ಹಿಡಿಯುವುದಿಲ್ಲ. ತೆಂಕಲ ಮಗ್ಗುಲು ಉಳಿದರೆ ಅದೇ ದೊಡ್ಡದು.

ಒಂದು ಮಾತು ಕೇಳಬೇಕು. ಹೊರಗೆ ಬಂದಾಗ ಮುನಿಶಾಮಮ್ಮ ನಿನಗೆಂದು ತಂದಿದ್ದ ಅವರೆಕಾಯಿ ಚೀಲ ಕೊಟ್ಟಳು. ನೀನು ಅದನ್ನು ಬೆಂಚಿನ ಮೇಲಿಟ್ಟು, ತಿರುಗಿ ನೋಡದೆ ಹೊರಟುಹೋದೆ. "ನಾ ಚೇತಿದಿ ತೀಸುಕೋಲೇದು," ನನ್ನ ಕೈಯಿಂದ ಕೊಟ್ಟಿದ್ದನ್ನು ತೊಗೊಳ್ಳಲಿಲ್ಲ ಎಂದು ಎರಡು ದಿನ ಹೇಳಿದಳಂತೆ. ಅವಳು ಮನೆಯಲ್ಲಿ ಕೂತು ತಾನೇ ಆರಿಸಿದ ಕಾಯಿ ಅದು. ಯಾಕಮ್ಮ ಹಾಗೆ ಮಾಡಿದೆ?

ಇಂತಿ,
ವೆಂಕಟರವಣಪ್ಪ


ಗೌರಿಬಿದನೂರು
26 ಜುಲೈ 2025

ರವಣಣ್ಣ,

ಆರು ತಿಂಗಳಿಂದ ಉತ್ತರ ಬರೆದಿಲ್ಲ. ಬೋಡಿಕೊಂಡದ ಸಮೀಕ್ಷೆಗೆ ಬಂದಿದ್ದ ಡಾ. ಯಶೋಧರಾ ನಿನ್ನೆ ಫೋನ್ ಮಾಡಿದ್ದರು. ತೆಂಕಲ ಮಗ್ಗುಲಿನಲ್ಲಿ ಇಪ್ಪತ್ತಮೂರು ಒಂಟೆಲೆ ಸಿಕ್ಕಿವೆ, ಲೀಸು ರದ್ದಾಗುವುದು ಖಚಿತ ಎಂದರು. ನೀವೇ ಮುಂದೆ ನಿಂತು ಜಾಗ ತೋರಿಸಿದಿರಂತೆ. "ನಿಮ್ಮ ಧೈರ್ಯದಿಂದ ಆಯ್ತು ಮೇಡಂ," ಎಂದರು. ಆ ಮಾತು ಕೇಳಿದ ಮೇಲೆ ಇನ್ನು ಸುಮ್ಮನಿರಲು ಆಗುವುದಿಲ್ಲ.

ಮುನಿಶಾಮಕ್ಕನ ಅವರೆಕಾಯಿ ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿದಿರಿ. ಬೋಡಿಕೊಂಡ ಒಂದೇ ಅಲ್ಲ, ಅಣ್ಣ. ನಾಲ್ಕು ಬೇಸಿಗೆಯಲ್ಲಿ ಒಂಬತ್ತು ಗುಡ್ಡಗಳಿಗೆ ಸಹಿ ಹಾಕಿದ್ದೇನೆ. ಎಲ್ಲವೂ ಮಾರ್ಚ್, ಏಪ್ರಿಲ್, ಮೇ. ಎಲ್ಲದರಲ್ಲೂ ಅದೇ ವಾಕ್ಯ. ಒಂದು ವರದಿಯಿಂದ ಇನ್ನೊಂದಕ್ಕೆ ನಕಲು ಮಾಡಿ ಹಾಕುತ್ತಿದ್ದೆ. ಎರಡು ಗುಡ್ಡಗಳನ್ನಂತೂ ಪೂರ್ತಿ ಹತ್ತಲೂ ಇಲ್ಲ, ಕಾರಿನ ಪಕ್ಕ ನಿಂತು ನೋಡಿ ಬಂದೆ. ಬೋಡಿಕೊಂಡ ಬಿಟ್ಟು ಉಳಿದ ಎಂಟರಲ್ಲಿ ಮೂರು ಈಗ ಇಲ್ಲ: ಇಲ್ಲಿ ಗೌರಿಬಿದನೂರಿನ ಕಡೆ ಎರಡು, ಶಿಡ್ಲಘಟ್ಟದಲ್ಲಿ ಮೇಲೂರಿನ ಆಚೆ ಒಂದು. ಎರಡರಲ್ಲಿ ಕೆಲಸ ನಡೆಯುತ್ತಿದೆ. ಮೂರರಲ್ಲಿ ಇನ್ನೂ ಶುರುವಾಗಿಲ್ಲ. ಅಲ್ಲಿ ಏನೇನಿತ್ತು ಎಂದು ನನಗೆ ಗೊತ್ತಿಲ್ಲ. ಮಳೆಗಾಲದಲ್ಲಿ ಆ ಗುಡ್ಡಗಳನ್ನು ನೋಡಿದವಳೇ ಅಲ್ಲ.

ವಿಚಾರಣೆಯಲ್ಲಿ ಒಂದು ಗುಡ್ಡದ ಬಗ್ಗೆ ಕೇಳಿದರು, ಒಂದರ ಬಗ್ಗೆ ಉತ್ತರ ಕೊಟ್ಟೆ. ಹೇಳಿದ್ದೆಲ್ಲ ನಿಜವೇ. ವರದಿಯಲ್ಲಿ ಮಾಡಿದ್ದನ್ನೇ ಅಲ್ಲೂ ಮಾಡಿದೆ. ನಿಮ್ಮೂರಿನವರು ಕೈಮುಗಿದರು. ಮುನಿಶಾಮಕ್ಕ ಚೀಲ ಕೈಗೆ ಕೊಟ್ಟು ನನ್ನ ಕೆನ್ನೆ ಸವರಿದರು. ಅದನ್ನು ಹಿಡಿದುಕೊಂಡು ಮನೆಗೆ ಹೋಗಲು ನನ್ನಿಂದ ಆಗಲಿಲ್ಲ.

ಆ ಎಂಟು ಊರುಗಳಿಂದ ನನಗೆ ಯಾರೂ ಕಾಗದ ಬರೆಯಲಿಲ್ಲ. ಬರೆಯಲು ಅಲ್ಲಿ ನನ್ನನ್ನು ಬಲ್ಲವರಿಲ್ಲ. ನೀವು ಇಲ್ಲದಿದ್ದರೆ ಬೋಡಿಕೊಂಡವೂ ಅವುಗಳಂತೆ ಹೋಗುತ್ತಿತ್ತು, ನಾನು ಜರಿಗಿಡಗಳ ಎರಡನೇ ಪುಸ್ತಕ ಬರೆಯುತ್ತಿದ್ದೆ.

ಏನು ಮಾಡಬೇಕೆಂದು ನಿಮ್ಮನ್ನು ಕೇಳುತ್ತಿಲ್ಲ. ಇದನ್ನು ತಿಳಿಯದೆ ನೀವು ನನ್ನನ್ನು ಒಳ್ಳೆಯವಳೆಂದುಕೊಳ್ಳಬಾರದು.

ಅಂಬರೀನ್


ಬಂಡಪಲ್ಲಿ
2 ಆಗಸ್ಟ್ 2025

ಅಮ್ಮ ಅಂಬರೀನ್,

ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಹರಿದುಹಾಕಬೇಕು ಅನ್ನಿಸಿತು. ಮುನಿಶಾಮಮ್ಮನಿಗೆ ಓದಿ ಹೇಳಿದೆ. ಅವಳು ಮೌನಿಕಾಳ ಕೈಲಿ ಒಂದೇ ಮಾತು ಬರೆಸಿದಳು: ಒಂದೊಂದು ಗುಡ್ಡದ ಕೆಳಗೂ ಒಂದೊಂದು ಊರು ಇರುತ್ತಲ್ಲ.

ಶುರುವಾಗದ ಮೂರಕ್ಕೂ, ನಡೆಯುತ್ತಿರುವ ಎರಡಕ್ಕೂ ಇವತ್ತೇ ಬರೆದು ಹಾಕು. ಬೋಡಿಕೊಂಡಕ್ಕೆ ಬರೆದ ಹಾಗೆಯೇ ಬರೆ. ಮಳೆ ಇನ್ನೂ ಒಂದು ತಿಂಗಳು ಇರುತ್ತದೆ, ಗಿಡ ಕಾಣುವ ಕಾಲ ಮುಗಿದಿಲ್ಲ. ಯಶೋಧರಾ ಅವರನ್ನೂ ಕೇಳು.

ಹತ್ತನೇ ತಾರೀಕು ಭಾನುವಾರ ಮೊದಲ ಬಸ್ಸಿಗೆ ಹೊರಟು ಗೌರಿಬಿದನೂರಿಗೆ ಬರುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಇರು. ಪುಡಿಯಾಗಿ ಹೋದ ಮೂರು ಗುಡ್ಡಗಳಿಗೆ ನಾವಿಬ್ಬರೂ ಮೊದಲು ಹೋಗೋಣ. ಅಲ್ಲಿ ಏನು ನೋಡುವುದಿದೆ ಅನ್ನಬೇಡ. ಗಿಡ ಇರುವುದಿಲ್ಲ, ಜನ ಇರುತ್ತಾರೆ. ಅವರ ಮುಂದೆ ನಿಂತು ನಿನ್ನ ಹೆಸರು ಹೇಳು, ಏನು ಬರೆದೆ ಎಂದು ಹೇಳು. ಅವರು ಏನಂದರೂ ಅನ್ನಿಸಿಕೊಳ್ಳಬೇಕು. ಅಷ್ಟು ಹೊತ್ತೂ ನಾನು ನಿನ್ನ ಪಕ್ಕದಲ್ಲಿ ನಿಂತಿರುತ್ತೇನೆ.

ಇಂತಿ,
ವೆಂಕಟರವಣಪ್ಪ